ಗಪ್ಪಿಗಳ ಹೊಟ್ಟೆಪಾಡು

ಹಿತ್ತಲ ನೀರಿನ ತೊಟ್ಟಿಯಲ್ಲಿದ್ದ ಗಪ್ಪಿ ಮೀನುಗಳು ಬಡಕಲಾಗುತ್ತಿವೆ ಎಂಬ ಚಿಂತೆಗೆ ಅನಂತರಾಜು ತಾವೂ ಬಡಕಲಾಗಬೇಕಿತ್ತು. ಆಗಲಿಲ್ಲ, ಹೆಂಡತಿ ಪ್ರೇಮಲತಾ ಹೊತ್ತಿಗೆ ಸರಿಯಾಗಿ ಮುದ್ದೆ ಬಡಿಸುತ್ತಿದ್ದರು.

ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಕಾರ್ಯಕರ್ತೆ ಶೃತಿ ಬಿಟ್ಟುಹೋದ ಮೀನುಗಳವು. (ಗುಬ್ಬಿ ಊರಿನಲ್ಲಿ ಗಪ್ಪಿ! ಹೆಸರಿಗೇನೋ ಜೋಡಿ ಚೆನ್ನಾಗಿತ್ತು.) ಬಂದ ವಾರವೇ ತೊಟ್ಟಿಯ ಮರಿಗಳನ್ನೆಲ್ಲ ಗುಳುಂ ಮಾಡಿದವು. ಆಮೇಲೆ ಊಟಕ್ಕೆ ಅನಂತರಾಜುವೇ ಗತಿ. ನೆನಪಾದ ದಿನ ಹಿಡಿ ಅನ್ನ. ತುಮಕೂರಿಗೆ ಹೋದ ದಿನ ಏಕಾದಶಿ. ಕೊನೆಗೆ ಮೀನುಗಳ ತಲೆಯೇ ದೊಡ್ಡದಾಗಿ, ಹೊಟ್ಟೆ ಒಳಕ್ಕೆ ಹೋಗಿ, ಬೆನ್ನು ಕತ್ತಿಯ ಅಲಗಾಯಿತು.

“ಒಂದಿನ ಹಬ್ಬ, ಎರಡ್ ದಿನ ಉಪವಾಸ ಅಂದ್ರೆ ಯಾರ ಮೈ ತಡಿಯುತ್ತೆ? ದಿನಾ ಚೂರು ಚೂರು ಹಾಕ್ರೀ,” ಎಂದರು ಪ್ರೇಮಲತಾ.

“ನೀನ್ ಸುಮ್ನಿರೇ. ನಿತ್ಯ ದಾಸೋಹಕ್ಕೇ ವ್ಯವಸ್ಥೆ ಮಾಡ್ತೀನಿ!”

ದಾಸೋಹ ಗುಟ್ಟಾಗಿ ಶುರುವಾಯಿತು. ಸೌದೆ ಕೊಟ್ಟಿಗೆಯ ಹಿಂದೆ ಹಳೆಯ ಬಕೆಟ್ಟು, ಒಡೆದ ಮಡಕೆ, ತೆಂಗಿನ ಚಿಪ್ಪುಗಳಲ್ಲಿ ಅನಂತರಾಜು ನೀರು ತುಂಬಿಸಿಟ್ಟರು. ಸೊಳ್ಳೆಗಳು ಆಮಂತ್ರಣಕ್ಕೆ ಕಾಯಲಿಲ್ಲ. ದಿನಾ ಬೆಳಗ್ಗೆ ಟೀ ಸೋಸುವ ಜಾಲರಿಯಲ್ಲಿ ಮರಿ ಹಿಡಿದು ತೊಟ್ಟಿಗೆ ಬಡಿಸಿದ್ದೇ ಬಡಿಸಿದ್ದು. (ಜಾಲರಿಯ ವಿಷಯ ಪ್ರೇಮಲತಾಗೆ ಇಂದಿಗೂ ಗೊತ್ತಿಲ್ಲ.) ಮೀನುಗಳು ಸೀಮಂತದ ಹೆಂಗಸರಂತೆ ದುಂಡಗಾದವು.

ಆದರೆ ಬಡಿಸಿ ಉಳಿದ ಮರಿಗಳಿಗೆ ರೆಕ್ಕೆ ಬಂತು. ಬೀದಿಗೆ ಬೀದಿಯೇ ಕೆರೆದುಕೊಳ್ಳತೊಡಗಿತು. ಪಕ್ಕದ ಮನೆಯ ವನಜಮ್ಮ ಸಂಜೆಯಾದರೆ ಬಾಗಿಲು ತೆರೆಯುತ್ತಿರಲಿಲ್ಲ. ಅನಂತರಾಜು ಅವರಿಗೂ ನಿದ್ದೆಯಿಲ್ಲ. ಯಾರ ಮನೆಯ ಕೊಳಕೋ ಇದು ಎಂದು ಕೆಂಡವಾಗಿ ಪಟ್ಟಣ ಪಂಚಾಯಿತಿಗೆ ಫೋನಿನಲ್ಲೇ ದೂರು ಕೊಟ್ಟರು.

ಮರುದಿನ ದೂರು ವಿಚಾರಿಸಲು ಶೃತಿಯೇ ಬಂದಳು. ಮೊದಲು ತೊಟ್ಟಿಗೆ ಇಣುಕಿ, “ಅಬ್ಬಾ, ಎಷ್ಟ್ ದಪ್ಪ ಆಗವೆ ಸಾರ್! ಏನ್ ಹಾಕ್ತೀರಾ?” ಎಂದಳು.

ಅನಂತರಾಜು ಉಬ್ಬಿಹೋದರು. “ಬಾರಮ್ಮ, ತೋರಿಸ್ತೀನಿ,” ಎಂದು ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದರು. ಪ್ರೇಮಲತಾ, ಮಾತು ಕೇಳಿ ಬಂದ ವನಜಮ್ಮ ಕೂಡ ಹಿಂಬಾಲಿಸಿದರು.

ಬಕೆಟ್ಟಿನಲ್ಲಿ ನುಲಿದಾಡುವ ಮರಿಗಳನ್ನು ಕಂಡು ಶೃತಿ ಹಣೆ ಚಚ್ಚಿಕೊಂಡಳು. “ಸೊಳ್ಳೆ ಹೋಗ್ಲಿ ಅಂತ ಮೀನು ಕೊಟ್ರೆ, ಮೀನಿಗೆ ಬೇಕು ಅಂತ ಸೊಳ್ಳೆ ಸಾಕಿದೀರಲ್ಲ ಸಾರ್!”

ವನಜಮ್ಮ ತಮ್ಮ ಕೈಮೇಲಿನ ದದ್ದುಗಳನ್ನೂ ಅನಂತರಾಜು ಅವರ ಮುಖವನ್ನೂ ಒಂದಾದ ಮೇಲೊಂದು ನೋಡಿದರು.

ಶೃತಿ ಬಕೆಟ್ಟುಗಳನ್ನೆಲ್ಲ ಬೋರಲು ಹಾಕಿ ಫೋನ್ ತೆಗೆದಳು. “ಆಫೀಸಿಗೆ ತಿಳಿಸ್ಬೇಕು. ದೂರು ಕೊಟ್ಟೋರು ಅನಂತರಾಜು. ಯಾರ ಮೇಲೆ ಅಂತ ಹೇಳ್ಲಿ ಸಾರ್?”

ಅನಂತರಾಜು ಕತ್ತು ಕೆರೆದುಕೊಂಡರು.

ಪ್ರೇಮಲತಾ ಮುಂದೆ ಬಂದರು. “ಅದೇ ಹೆಸ್ರನ್ನ ಇನ್ನೊಂದ್ಸಲ ಹೇಳ್ಬುಡಮ್ಮ.”