ಕಿವಿಗೆ ಒಂದೇ ತೂತು

"ಸಿಬ್ಬಂದಿಯ ಮೈಮೇಲೆ ಕಾಣುವಂಥ ಹಚ್ಚೆ ಇರಕೂಡದು. ಹೆಂಗಸರಿಗೆ ಕಿವಿಗೆ ಒಂದೊಂದೇ ತೂತು. ಗಂಡಸರಿಗೆ ತೂತೇ ಇರಕೂಡದು. ಕೌಂಟರಿನ ಒಳಗೆ ಕಾಲಿಟ್ಟವರು ಯಾರೇ ಆಗಿರಲಿ, ವಿನಾಯಿತಿ ಇಲ್ಲ."

ಕಂಕನಾಡಿಯ ಒಂದು ಚಿನ್ನದ ಅಂಗಡಿಯಲ್ಲಿ ನಾನು ಫ್ಲೋರ್ ಮ್ಯಾನೇಜರ್. ಬಿಲ್ಲಿಂಗ್ ಕೌಂಟರಿನ ಹಿಂದಿನ ಗೋಡೆಯಲ್ಲಿ ಈ ನಿಯಮದ ಬೋರ್ಡು ಗಾಜಿನ ಫ್ರೇಮಿನೊಳಗೆ ತೂಗುತ್ತಿತ್ತು. ಈಗ ಅಲ್ಲಿ ಮೊಳೆ ಮಾತ್ರ ಉಂಟು. ಮೊದಲ ಮೂರು ವಾಕ್ಯ ನಮ್ಮ ಧಣಿಗಳದ್ದು. ದುಬೈಯಲ್ಲಿ ಯಾವುದೋ ಮಾಲ್ ನೋಡಿಕೊಂಡು ಬಂದವರು, "ಗಿರಾಕಿಯ ಕಣ್ಣು ಚಿನ್ನದ ಮೇಲೆ ಇರಬೇಕು, ನಮ್ಮ ಚರ್ಮದ ಮೇಲಲ್ಲ" ಅಂದಿದ್ದರು. ಕೊನೆಯ ವಾಕ್ಯ ನನ್ನದು. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ದಿನಾ ಉಗುರು, ಷೂ, ಬೆಲ್ಟು ತೋರಿಸಿಯೇ ತರಗತಿಯೊಳಗೆ ಹೋದವನು ನಾನು. ವಿನಾಯಿತಿ ಇರುವ ನಿಯಮ ನಿಯಮವೇ ಅಲ್ಲ ಎಂದು ಆಗ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಮನುಷ್ಯರ ಮೈಯ ಬಗ್ಗೆ ಬರೆದದ್ದನ್ನು ಗೋಡೆಗೆ ತೂಗಿಹಾಕಿದರೆ ಮುಂದೆ ಹೇಳುವಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಧಣಿಗಳಿಗೆ ಸಿಟ್ಟು ಬಂದರೆ ಬಲಗಿವಿಯ ಹಾಲೆಯನ್ನು ಹಿಡಿದು ಎಳೆದುಕೊಳ್ಳುವ ಅಭ್ಯಾಸ. ಆ ಕೈ ಕಿವಿಗೆ ಹೋದೀತೆಂಬ ಹೆದರಿಕೆಯಲ್ಲೇ ನನ್ನ ಬಿ.ಪಿ. ಮಾತ್ರೆ ಅರ್ಧದಿಂದ ಒಂದಕ್ಕೆ ಏರಿತು.

ಹುಲಿ

ದಸರಾ ಮುಗಿದ ಮರುದಿನ ಬೆಳ್ಳಿ ವಿಭಾಗದ ಸೇಲ್ಸ್‌ಮ್ಯಾನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಕಾಲರಿನ ಮೇಲೆ ಕತ್ತು ಅರಸಿನ ಹಳದಿ, ಕಿವಿಯ ಹಿಂದೆ ಕಪ್ಪು ಪಟ್ಟೆ.

"ಎಂತದ್ದು ಇದು?"

"ಹುಲಿ, ಸರ್."

"ಹುಲಿ ಅಂದರೆ?"

"ನಿನ್ನೆವರೆಗೆ ಹುಲಿ, ಸರ್. ಇವತ್ತು ಸೇಲ್ಸ್‌ಮ್ಯಾನ್. ಸೀಮೆಎಣ್ಣೆ ಹಾಕಿ ತಿಕ್ಕಿದ್ದೇನೆ, ಹೋಗುದಿಲ್ಲ."

ವೇಷದ ಬಣ್ಣ ಹಚ್ಚೆಯೋ ಅಲ್ಲವೋ ಎಂದು ಬೋರ್ಡಿನಲ್ಲಿ ಬರೆದಿರಲಿಲ್ಲ. ಅಳಿಸಲು ಹೋದರೆ ಹೋಗದ್ದು ಹಚ್ಚೆಯೇ ಎಂದು ತೀರ್ಮಾನಿಸಿ, ಕತ್ತಿಗೆ ಕರವಸ್ತ್ರ ಕಟ್ಟಿಸಿ, ಉದ್ದದ ಬೆಳ್ಳಿ ದೀಪಗಳ ಹಿಂದೆ ಅವನನ್ನು ನಿಲ್ಲಿಸಿದೆ. ಇಡೀ ಬೆಳಿಗ್ಗೆ ನನ್ನ ಕಣ್ಣು ಆ ಕರವಸ್ತ್ರದ ಮೇಲೆಯೇ. ಹನ್ನೊಂದರ ಸುಮಾರಿಗೆ ಒಂದು ಮಗು ಬೆರಳು ತೋರಿಸಿತು: "ಅಮ್ಮ, ಈ ಅಂಕಲ್ ಹುಲಿ!"

"ಅಲ್ಲ ಮಗೂ, ಸೇಲ್ಸ್‌ಮ್ಯಾನ್," ಎಂದೆ ನಾನು.

ಸರಿಯಾಗಿ ಅದೇ ಹೊತ್ತಿಗೆ ರಸ್ತೆಯಲ್ಲಿ, ಊರಿಗೆ ಮರಳುತ್ತಿದ್ದ ಯಾವುದೋ ಹುಲಿವೇಷದ ತಂಡದವರ ತಾಸೆ ಡೋಲು ಬಡಿಯಿತು. ದೀಪಗಳ ಮೇಲಿನಿಂದ ಎರಡು ಪಂಜಗಳು ಎದ್ದವು. ಆಮೇಲೆ ಭುಜ, ಆಮೇಲೆ ಇಡೀ ಹುಲಿ. ತಾಸೆಯ ಸದ್ದು ದೂರ ಹೋಗುವ ತನಕ ಅವನು ನನಗೂ ಸಿಕ್ಕಲಿಲ್ಲ, ಬೋರ್ಡಿಗೂ ಸಿಕ್ಕಲಿಲ್ಲ.

ಆ ತಾಯಿ ನನ್ನ ಕಡೆ ತಿರುಗಿ, "ನಿಮ್ಮ ಸೇಲ್ಸ್‌ಮ್ಯಾನ್ ಲಾಯ್ಕ ಕುಣೀತಾರೆ" ಅಂದರು.

ಬಂಗುಡೆ

ಕಿವಿಯೋಲೆ ಕೌಂಟರಿನ ಹುಡುಗಿ ಪಡೀಲಿನವಳು. ತಾಯಿ ಬೀಡಿ ಕಟ್ಟಿ ಓದಿಸಿದ್ದಾರೆ. ಈಗ ಮನೆ ನಡೆಯುವುದು ಇವಳ ಸಂಬಳದಲ್ಲಿ. ಪ್ರೊಬೇಷನ್ ಮುಗಿಯುತ್ತ ಬಂದಿತ್ತು. ಶನಿವಾರ ಧಣಿಗಳು ಬಂದು ಅವಳ ಕೆಲಸ ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕಬೇಕಿತ್ತು. ಅವರು ಫೋನಿನಲ್ಲಿ ಒಂದು ಮಾತು ಸೇರಿಸಿದ್ದರು: "ಬೋರ್ಡಿನ ಪ್ರಕಾರ ಇಲ್ಲದವರು ಶನಿವಾರವೇ ಮನೆಗೆ. ನೀವು ನೋಡಿಕೊಳ್ಳಿ."

ನೋಡಿದೆ.  ಪ್ರತಿ ಕಿವಿಯಲ್ಲಿ ಮೂರು ತೂತು, ಮಣಿಕಟ್ಟಿನ ಒಳಬದಿಗೆ ಒಂದು ಮೀನು. ಎಲ್ಲ ನಿಯಮಕ್ಕಿಂತ ಹಿಂದಿನದ್ದು; ಆದರೆ ನಿಯಮದಲ್ಲಿ ಹಿಂದಿನದ್ದಕ್ಕೆ ಮಾಫಿ ಎಂದು ನಾನು ಬರೆದಿರಲಿಲ್ಲ.

"ಇದು ಎಂತ ಮೀನು?"

"ಡಾಲ್ಫಿನ್, ಸರ್."

"ನನಗೆ ಬಂಗುಡೆಯ ಹಾಗೆ ಕಾಣ್ತದೆ."

"ಹಾಕಿದವ ಮೀನುಗಾರರ ಮನೆಯವ ಸರ್. ಅವನಿಗೆ ಕೈ ಹೋಗುವುದೇ ಹಾಗೆ."

ಅಗಲ ಪಟ್ಟಿಯ ವಾಚ್ ಕಟ್ಟಲು ಹೇಳಿದೆ. ಕಟ್ಟಿದಳು. ಮೀನಿನ ತಲೆ ಮುಚ್ಚಿತು, ಬಾಲ ಹೊರಗೆ ಉಳಿಯಿತು. ಸಂಜೆ ಒಬ್ಬ ಗಿರಾಕಿ ಹೆಂಗಸು ಅವಳ ಕೈ ಹಿಡಿದು, "ಈ ಬಾಲದ ಡಿಸೈನಿನಲ್ಲಿ ಪೆಂಡೆಂಟ್ ಉಂಟಾ?" ಎಂದು ಕೇಳಿದರು.

"ಇಲ್ಲ!" ಎಂದೆ ನಾನು, ದೂರದಿಂದಲೇ.

"ಆರ್ಡರ್ ಕೊಟ್ಟರೆ ಮಾಡಿಸಿ ಕೊಡ್ತೇವೆ ಮೇಡಂ," ಎಂದಳು ಹುಡುಗಿ. "ಡಾಲ್ಫಿನ್ ಆಗಬೇಕಾ? ನಮ್ಮ ಸರ್‌ಗೆ ಬಂಗುಡೆ ಇಷ್ಟ."

ಅಜ್ಜಿಯ ಕಿವಿ

ಅದೇ ವಾರ ಒಬ್ಬರು ಬ್ಯಾರಿ ಅಜ್ಜಿ ಮೊಮ್ಮಗಳ ಮದುವೆಗೆ ಕಿವಿಯ ಟಿಕ್ಕಿ ನೋಡಲು ಬಂದರು. ಹುಡುಗಿ ಒಂದೊಂದೇ ಟಿಕ್ಕಿಯನ್ನು ತನ್ನ ಕಿವಿಗೆ ಇಟ್ಟು, ಮೂರು ತೂತಿಗೆ ಮೂರು ನಮೂನೆ ತೋರಿಸುತ್ತಿದ್ದಳು. ಕೂದಲು ಮುಂದೆ ಹಾಕು ಎಂಬ ಅರ್ಥದಲ್ಲಿ ನಾನು ಕೆಮ್ಮಿದೆ. ಮತ್ತೆ ಕೆಮ್ಮಿದೆ.

"ಇವರಿಗೆ ಎಂತ, ಕಫವಾ?" ಅಜ್ಜಿ ಕೇಳಿದರು.

"ಇಲ್ಲ ಅಜ್ಜಿ, ಬೋರ್ಡು," ಎಂದ ಹುಡುಗಿ ಅದನ್ನು ಪೂರ್ತಿ ಓದಿ ಹೇಳಿದಳು.

ಅಜ್ಜಿ ತಲೆಯ ಸೆರಗನ್ನು ನಿಧಾನಕ್ಕೆ ಹಿಂದೆ ಸರಿಸಿದರು. ಕಿವಿಯ ಕೆಳಗಿನಿಂದ ತುದಿಯವರೆಗೆ ಸಾಲಾಗಿ ತೂತು, ಒಂದೊಂದರಲ್ಲೂ ಚಿನ್ನದ ರಿಂಗು. "ಹಾಗಾದರೆ ನಾನು ಇಲ್ಲಿಗೆ ಬರ್ಲಿಕ್ಕೆ ಇಲ್ಲವಾ?"

"ಗಿರಾಕಿಗಳಿಗೆ ಅಲ್ಲಮ್ಮ, ಕೆಲಸದವರಿಗೆ," ಎಂದೆ.

ಅವರು ಸೆರಗನ್ನು ಮತ್ತೆ ತಲೆಗೆ ಎಳೆದುಕೊಂಡರು. "ನೀವು ಹೋಟೆಲು ಇಟ್ಟರೆ ಬಡಿಸುವವರ ಬಾಯಿ ಹೊಲಿಸ್ತೀರಿ ಅಲ್ವಾ?"

ಪ್ಲಾಸ್ಟರು

ನಮ್ಮ ಅಂಗಡಿಯ ಹಿಂದಿನ ಮೂಲೆಯಲ್ಲಿ ಮಕ್ಕಳಿಗೆ ಕಿವಿ ಚುಚ್ಚುವ ಕುರ್ಚಿ ಉಂಟು. ಚುಚ್ಚುವ ಅಕ್ಕಸಾಲಿ ಆಚಾರ್ರ ಕಿವಿಯಲ್ಲೂ ಚಿಕ್ಕಂದಿನಿಂದ ಕೆಂಪು ಕಲ್ಲಿನ ಟಿಕ್ಕಿ. ಶುಕ್ರವಾರ ಅವರ ಹತ್ತಿರ ಹೋದೆ.

"ಆಚಾರ್ರೇ, ಟಿಕ್ಕಿ ತೆಗೀಬೇಕು. ಗಂಡಸರಿಗೆ ತೂತು ಇರಬಾರದು ಅಂತ ನಿಯಮ."

ಅವರು ಟಿಕ್ಕಿ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡರು. "ಟಿಕ್ಕಿ ಪೆಟ್ಟಿಗೆಯಲ್ಲಿ ಇಡ್ತೇನೆ ಸರ್. ತೂತು ಎಲ್ಲಿ ಇಡಲಿ?"

ಹಾಗೆ ಹೊಳೆದದ್ದು ಪ್ಲಾಸ್ಟರು. ಎದುರಿನ ಮೆಡಿಕಲಿನಿಂದ ಚರ್ಮದ ಬಣ್ಣದ ಗುಂಡಗಿನ ಪ್ಲಾಸ್ಟರಿನ ಪೆಟ್ಟಿಗೆ ತರಿಸಿದೆ. ಶನಿವಾರ ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುವಾಗ ಇನ್ನೊಂದು ಆಘಾತ: ನನ್ನ ಎರಡೂ ಕಿವಿಯಲ್ಲಿ ಸಣ್ಣ ಗುಳಿ. ಶಿಶುವಾಗಿದ್ದಾಗ ಮನೆಯವರು ಚುಚ್ಚಿಸಿದ್ದು. ಹೆಂಡತಿ ಬಾಗಿಲಲ್ಲಿ ನಿಂತು, "ಊರಿನವರ ಕಿವಿಯೆಲ್ಲ ನೋಡಿ ಆಯಿತಾ?" ಅಂದಳು. ಮೊದಲ ಎರಡು ಪ್ಲಾಸ್ಟರು ನನಗೇ ಬಿದ್ದವು.

ಅಂಗಡಿ ತೆರೆಯುವ ಮೊದಲು, ನಿಯಮ ಮೀರಿದ ತೂತು ಇದ್ದವರೆಲ್ಲ ಅಂಟಿಸಿಕೊಂಡರು. ಹುಲಿಯ ಹಳದಿ ಪೂರ್ತಿ ಹೋಗಿರಲಿಲ್ಲ. ಅವನ ಕತ್ತಿಗೆ ಬ್ಯಾಂಡೇಜೇ ಸುತ್ತಿಸಿದೆ. ಹುಡುಗಿ ಮಾತ್ರ ಪ್ಲಾಸ್ಟರನ್ನು ಮುಟ್ಟಲಿಲ್ಲ.

"ಒಂದು ದಿವಸದ ಮಟ್ಟಿಗೆ ಮಾರಾಯ್ತಿ. ಕೆಲಸ ಹೋಗ್ತದೆ."

"ಗೊತ್ತುಂಟು ಸರ್. ಅಮ್ಮ ನಿನ್ನೆ ರಾತ್ರಿಯಿಂದ ಊಟ ಮಾಡ್ಲಿಲ್ಲ."  ಆದರೂ ಕನ್ನಡಿ ನೋಡಿಕೊಂಡು ಆರೂ ಟಿಕ್ಕಿಗಳ ತಿರುಪು ಬಿಗಿ ಮಾಡಿದಳು. "ನಾನು ಮಾಲು ತೋರಿಸುದು ಈ ಕಿವಿಯಲ್ಲಿ. ಪ್ಲಾಸ್ಟರಿನ ಮೇಲೆ ಎಂತ ತೋರಿಸಲಿ? ಗಾಯ ಗುಣ ಆಗ್ತಾ ಉಂಟು ಅಂತವಾ?"

ಶನಿವಾರ

ಪ್ಲಾಸ್ಟರುಗಳನ್ನು ಅವಳ ಎದುರಿನ ಗಾಜಿನ ಮೇಲೆ ಇಟ್ಟು ಬಂದೆ. ಮನಸ್ಸು ಬದಲಾದೀತು ಎಂಬ ಆಸೆ.

ಧಣಿಗಳಿಗಿಂತ ಮೊದಲು ಬಂದವರು ದೇರೆಬೈಲಿನ ಗಂಡ ಹೆಂಡತಿ. ಮಗುವಿಗೆ ಕಿವಿ ಚುಚ್ಚಿಸಬೇಕಿತ್ತು. ಮಗು ನಗುತ್ತ ಕುರ್ಚಿಯಲ್ಲಿ ಕೂತಿತು. ತಾಯಿ ಮಾತ್ರ ಸುತ್ತ ನೋಡಿದರು. ಬಿಲ್ಲಿಂಗಿನವರ ಕಿವಿಗೆ ಪ್ಲಾಸ್ಟರು, ಸೇಲ್ಸಿನವರ ಕಿವಿಗೆ ಪ್ಲಾಸ್ಟರು, ಬೆಳ್ಳಿ ವಿಭಾಗದಲ್ಲಿ ಒಬ್ಬನಿಗೆ ಕತ್ತೇ ಬ್ಯಾಂಡೇಜು.

"ಇವರೆಲ್ಲ ಇಲ್ಲಿಯೇ ಚುಚ್ಚಿಸಿದ್ದಾ?"

ನಾನು ಸುಳ್ಳು ಹೇಳುವವನಲ್ಲ. "ಅದು ನಿಯಮದ ಪ್ರಕಾರ ಹಾಕಿದ್ದು ಮೇಡಂ."

"ನಿಯಮದ ಪ್ರಕಾರ ಎಲ್ಲರಿಗೂ ಕೀವು ಆಗ್ತದಾ?"

ಅಷ್ಟರಲ್ಲಿ ಆಚಾರ್ರು ಸೂಜಿ ಹಿಡಿದು ತಿರುಗಿದರು. ಅವರ ಎರಡೂ ಕಿವಿಗೆ ಪ್ಲಾಸ್ಟರು. "ಅಯ್ಯೋ ದೇವರೇ, ಚುಚ್ಚುವವರಿಗೂ!" ಎಂದು ಆ ತಾಯಿ ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟರು. ಅವರಿಗೆ ಗಾಜಿನ ಬಾಗಿಲು ಹಿಡಿದು ದಾರಿ ಬಿಟ್ಟವರು, ಆಗಷ್ಟೇ ಕಾರಿನಿಂದ ಇಳಿದ ನಮ್ಮ ಧಣಿಗಳು.

ಧಣಿಗಳು ಒಳಗೆ ಬಂದರು. ಒಂದು ಸುತ್ತು ನೋಡಿದರು.

"ಎಂತ ಮಾರಾಯ್ರೆ, ಬಸ್ಸು ಮಗುಚಿದ್ದಾ?"

ನಾನು ವಿವರಿಸಿದೆ. ಬೋರ್ಡಿನ ಕಡೆಗೂ ಕೈ ತೋರಿಸಿದೆ. ಅವರು ಸೀದಾ ಕಿವಿಯೋಲೆ ಕೌಂಟರಿನ ಒಳಗೆ ಹೋಗಿ, ಹುಡುಗಿಯ ಎದುರು ನಿಂತರು. ಮೂರು ಟಿಕ್ಕಿ ನೋಡಿದರು, ಇನ್ನೊಂದು ಕಿವಿಯ ಮೂರು ನೋಡಿದರು, ಮೀನಿನ ಬಾಲ ನೋಡಿದರು. ಅವರ ಕೈ ಬಲಗಿವಿಗೆ ಹೋಯಿತು. 

"ಇವಳಿಗೆ ಯಾಕೆ ಪ್ಲಾಸ್ಟರು ಇಲ್ಲ?"

"ನಾನೇ ಹಾಕ್ಲಿಲ್ಲ ಧಣಿ." ಹುಡುಗಿಯೇ ಹೇಳಿದಳು.

"ಬೋರ್ಡು ಓದಿದ್ದೀಯಾ?"

"ಓದಿದ್ದೇನೆ. ಕೊನೆಯ ಸಾಲು ಬಾಯಿಪಾಠ ಉಂಟು. ಕೌಂಟರಿನ ಒಳಗೆ ಕಾಲಿಟ್ಟವರು ಯಾರೇ ಆಗಿರಲಿ..."

ಧಣಿಗಳು ಹಾಲೆಯನ್ನು ಜೋರಾಗಿ ಎಳೆದರು. ವಜ್ರ ಹೊಳೆಯಲೆಂದು ನಾವು ಹಾಕಿಸಿದ ಆ ಬಿಳಿ ದೀಪದ ಕೆಳಗೆ, ಎಳೆದ ಹಾಲೆಯ ನಡುವೆ ಒಂದು ತೂತು ಕಂಡಿತು. ತೊಟ್ಟಿಲಲ್ಲಿದ್ದಾಗ ಚುಚ್ಚಿಸಿದ್ದಿರಬೇಕು, ಹಳೆಯದು, ಉದ್ದಕ್ಕೆ ಜಗ್ಗಿದ್ದು, ಆಚೆಯ ಬೆಳಕು ಕಾಣುವಂಥದ್ದು. ಅಂಗಡಿಯ ಎಲ್ಲರ ಕಿವಿ ಪರೀಕ್ಷೆ ಮಾಡಿದ ನಾನು ಈ ಕಿವಿಯನ್ನು ಮಾತ್ರ ಇಷ್ಟು ವರ್ಷ ಹೆದರಿಕೆಯಿಂದ ನೋಡಿದ್ದೇ ಹೊರತು, ಕಣ್ಣಿಟ್ಟು ನೋಡಿರಲಿಲ್ಲ.

ಹುಡುಗಿ ನೋಡಿದಳು. ಗಾಜಿನ ಮೇಲೆ ನಾನು ಇಟ್ಟಿದ್ದ ಪ್ಲಾಸ್ಟರು ಎತ್ತಿಕೊಂಡಳು. ಅದರ ಹಿಂದಿನ ಕಾಗದ ಕಿತ್ತು, ಗಿರಾಕಿಗಳಿಗೆ ಟಿಕ್ಕಿ ತೊಡಿಸುವಾಗ ಕೇಳುವ ಅದೇ ಮರ್ಯಾದೆಯಲ್ಲಿ ಕೇಳಿದಳು:

"ಮೊದಲು ಯಾವ ಕಿವಿ, ಧಣಿ?"