ಎಪ್ಪತ್ತೆರಡರಲ್ಲಿ ನಿಂತ ಡೌನ್‌ಲೋಡ್

ಸುರೇಂದ್ರ: ಮತ್ತೆ ರೂಟರ್ ಪ್ಲಗ್ ಕಿತ್ತಿದ್ದೆಯಲ್ಲ ಮಾರಾಯ್ತಿ.

ಸುಕನ್ಯಾ: ಗುಡುಗಿದ್ರೆ ಕೀಳದೆ ಏನ್ ಮಾಡ್ಲಿ? ಟಿವಿ ಸುಟ್ಟಾಗ ನೀವೇ ಹೇಳಿದ್ದು, ಮೊದಲ ಗುಡುಗಿಗೇ ಎಲ್ಲ ಕೀಳು ಅಂತ.

ಸುರೇಂದ್ರ: ಗುಡುಗಿದ್ದು ಗಿರಿ ಮೇಲೆ.

ಸುಕನ್ಯಾ: ಸಿಡಿಲು ಇಲ್ಲಿಗೆ ಜೀಪ್ ಹತ್ತಿ ಬರ್ಬೇಕಾ?

ಸುರೇಂದ್ರ ಅತ್ತಿಗುಂಡಿ ಪಕ್ಕದ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರು. ಹೆಂಡತಿ ಸುಕನ್ಯಾ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತಾಳೆ. ಲೈಬ್ರರಿಗೆ ಯಾರೋ ಕೊಟ್ಟ ನಾಲ್ಕು ಹಳೆಯ ಕಂಪ್ಯೂಟರುಗಳಿಗೆ ಕನ್ನಡದಲ್ಲಿ ನಡೆಯುವ ಉಚಿತ ತಂತ್ರಾಂಶವನ್ನು ಟೊರೆಂಟಿನಲ್ಲಿ, ಅಂದರೆ ಹಲವರ ಕಂಪ್ಯೂಟರುಗಳಿಂದ ಚೂರುಚೂರಾಗಿ, ಇಳಿಸಿಕೊಡುವೆನೆಂದು ಅವನು ಒಪ್ಪಿ ಮೂರು ದಿನವಾಯಿತು. ನಾಳೆ ಹತ್ತಕ್ಕೆ ಶಾಲೆಯ ಮಕ್ಕಳು ನೋಡಲು ಬರುತ್ತಾರೆ. ಪರದೆಯ ಮೇಲೆ ಎಪ್ಪತ್ತೆರಡು ಪರ್ಸೆಂಟ್ ಕದಲದೆ ನಿಂತಿದೆ.

ಸುಕನ್ಯಾ: ಪ್ಲಗ್ ತಿರುಗಿ ಹಾಕಿ ಒಂದು ಗಂಟೆ ಆಯ್ತು. ಎಪ್ಪತ್ಮೂರಾದ್ರೂ ಆಗ್ಬೇಕಿತ್ತಲ್ಲ?

ಸುರೇಂದ್ರ: ಸಿಗ್ನಲ್ ಸಾಲ್ತಿಲ್ಲ. ಅದಕ್ಕೇ ರೂಟರನ್ನ ಅಟ್ಟಕ್ಕೆ ಏರಿಸಿದ್ದು.

ಸುಕನ್ಯಾ: ಅದಕ್ಕೆ ಮೊದಲು ಅಕ್ಕಿ ಡಬ್ಬದ ಮೇಲಿತ್ತು. ಅದಕ್ಕೂ ಮೊದಲು ಕಿಟಕೀಲಿ. ಮರಿ ಹಾಕಿದ ಬೆಕ್ಕೂ ಇಷ್ಟು ಜಾಗ ಬದಲಾಯಿಸಲ್ಲ. ಫೋನಲ್ಲಿ ವಿಡಿಯೋ ನಿಲ್ಲದೆ ಓಡ್ತದೆ, ಸಿಗ್ನಲ್ ಸರಿಯಾಗೇ ಇದೆ. ಈ ಫೈಲ್ ಕೊಡೋರು ಯಾರು? ನಂಬರ್ ಕೊಡಿ, ನಾನೇ ಕೇಳ್ತೀನಿ.

ಸುರೇಂದ್ರ: ಒಬ್ಬರಾದ್ರೆ ತಾನೆ ನಂಬರ್? ಪೂರ್ತಿ ಫೈಲ್ ಇರೋರು ಇಬ್ಬರೇ, ಅವರ ಹತ್ರ ಕ್ಯೂ. ಉಳಿದ ಹದಿನಾಲ್ಕು ಜನ ನಮ್ಮ ಹಾಗೇ, ಅರ್ಧಂಬರ್ಧ. ಒಬ್ಬರ ಹತ್ರ ಇಲ್ಲದ ಚೂರನ್ನ ಇನ್ನೊಬ್ಬರು ಕೊಡೋದು.

ಸುಕನ್ಯಾ: ನಾವೇನು ಕೊಟ್ವಿ?

ಸುರೇಂದ್ರ: ನಾವ್ಯಾಕೆ ಕೊಡ್ಬೇಕು? ಅದಕ್ಕೆ ಬಂದೋಬಸ್ತ್ ಮಾಡಿದ್ದೀನಿ. ಅಪ್‌ಲೋಡ್ ಸೆಕೆಂಡಿಗೆ ಒಂದೇ ಕೆಬಿ. ಲೈನೆಲ್ಲ ನಮಗೇ ಉಳೀಲಿ ಅಂತ.

ಅಕ್ಕಿ ಕೇರುತ್ತಿದ್ದ ಸುಕನ್ಯಾ ಮೊರ ಕೆಳಗಿಟ್ಟಳು.

ಸುಕನ್ಯಾ: ಹೋದ ವರ್ಷ ನಮ್ಮ ಮೆಣಸು ಕೊಯ್ಯೋಕೆ ಶೇಷಪ್ಪಣ್ಣನ ಮನೆಯವರು ಮುಯ್ಯಿಗೆ ಬಂದಿದ್ರು. ಅವರ ಕೊಯ್ಲಿನ ದಿನ ನೀವೆಲ್ಲಿದ್ರಿ?

ಸುರೇಂದ್ರ: ಸೊಂಟ ಹಿಡ್ಕೊಂಡಿತ್ತಲ್ಲ.

ಸುಕನ್ಯಾ: ವಾಲಿಬಾಲ್ ಮ್ಯಾಚಿಗೆ ಬಿಟ್ಟಿತ್ತು. ಈ ವರ್ಷ ನಮ್ಮ ಕೊಯ್ಲಿಗೆ ಯಾರು ಬಂದ್ರು?

ಸುರೇಂದ್ರ: ...ಯಾರೂ ಇಲ್ಲ.

ಸುಕನ್ಯಾ: ಒಬ್ಬರೇ ಏಣಿ ಹತ್ತಿ ಎಷ್ಟು ದಿನ ಕೊಯ್ದ್ರಿ?

ಸುರೇಂದ್ರ: ಹನ್ನೊಂದು. ಆದ್ರೆ ಅದು ಮನುಷ್ಯರ ರೀತಿ. ಇದು ಕಂಪ್ಯೂಟರ್.

ಸುಕನ್ಯಾ: ಕಂಪ್ಯೂಟರಿಗೆ ಬುದ್ಧಿ ಕಲಿಸಿದವರು ಮನುಷ್ಯರೇ ಅಲ್ವಾ? ಮುಯ್ಯಿ ತೀರಿಸದವನನ್ನ ಅದೂ ಗುರುತಿಟ್ಟುಕೊಂಡಿರ್ತದೆ. ಆ ಒಂದನ್ನ ಇನ್ನೂರು ಮಾಡಿ. ಬೇರೆ ಏನೂ ಮುಟ್ಬೇಡಿ, ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗ್ಲಿ.

ಅವನು ಗೊಣಗುತ್ತ ಅಂಕಿ ಬದಲಿಸಿದ. ಇಬ್ಬರೂ ಪರದೆ ನೋಡುತ್ತ ಕುಳಿತರು. ಐದು ನಿಮಿಷಕ್ಕೆ ಎಪ್ಪತ್ಮೂರು. ಹತ್ತು ನಿಮಿಷಕ್ಕೆ ಎಪ್ಪತ್ತೇಳು.

ಸುರೇಂದ್ರ: ವಾತಾವರಣ ತಿಳಿಯಾಯ್ತು ಅಂತ ಕಾಣ್ತದೆ.

ಸುಕನ್ಯಾ: ಹೂಂ, ಅದೇ ಇರ್ಬೇಕು.

ಎಂಬತ್ತಕ್ಕೆ ಬಂದಾಗ ಸುರೇಂದ್ರನಿಗೆ ನ್ಯಾಯ ಹೇಳುವ ಧೈರ್ಯ ಬಂತು.

ಸುರೇಂದ್ರ: ಈ ಪಟ್ಟೀಲಿ ಒಬ್ಬ ಇದ್ದಾನೆ ನೋಡು. ನಮ್ಮಿಂದ ಬಾಚಿಕೊಳ್ತಿದ್ದಾನೆ, ತಿರುಗಿ ಕೊಡೋದು ಒಂದೇ ಕೆಬಿ. ಎಂಥ ಜಿಪುಣ. ಇಂಥವರಿಂದಲೇ ಮಕ್ಕಳ ಕೆಲಸ ಕೆಡೋದು. ಬ್ಲಾಕ್ ಮಾಡ್ತೀನಿ.

ಸುಕನ್ಯಾ: ಯಾವ ಊರಿನವನು ಅಂತ ನೋಡಿ ಮಾಡಿ.

ಸುರೇಂದ್ರ: ಅಡ್ರೆಸ್ ಇದೆ. ಒಂದು ಒಂಬತ್ತು ಎರಡು, ಒಂದು ಆರು ಎಂಟು...

ಓದುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ.

ಸುರೇಂದ್ರ: ಇದು ನಮ್ಮನೆ ಒಳಗಿನ ಅಡ್ರೆಸ್ಸು.

ಸುಕನ್ಯಾ: ಲೈಬ್ರರಿಯಿಂದ ನಾನು ಮನೆಗೆ ತಂದ ಲ್ಯಾಪ್‌ಟಾಪು. ನಿಮ್ಮದು ನಿಂತಿತಲ್ಲ, ಯಾವುದಕ್ಕೂ ಇರಲಿ ಅಂತ ನಿನ್ನೆ ಅದರಲ್ಲೂ ಶುರು ಮಾಡಿದ್ದೆ. ಮೊದಲೇ ಅದಕ್ಕೆ ಟೊರೆಂಟ್ ಹಾಕಿಕೊಟ್ಟು ಒಂದೇ ಕೆಬಿ ಬಂದೋಬಸ್ತ್ ಮಾಡಿದವರೂ ನೀವೇ.

ಸುರೇಂದ್ರ ಮೌಸಿನಿಂದ ಮೆಲ್ಲಗೆ ಕೈ ತೆಗೆದ.

ಸುಕನ್ಯಾ: ಯಾಕೆ ನಿಲ್ಲಿಸಿದ್ರಿ? ಬ್ಲಾಕ್ ಮಾಡಿ. ಆದ್ರೆ ಅದು ಇರೋದು ಅಡುಗೆಮನೇಲಿ. ಊಟಾನೂ ಅಲ್ಲಿಂದಲೇ ಬರ್ಬೇಕು.

ಅವನು ಎದ್ದು ಮೊರ ಕೈಗೆತ್ತಿಕೊಂಡ.

ಸುರೇಂದ್ರ: ಅಕ್ಕಿ ಇನ್ನೆಷ್ಟು ಕೇರ್ಬೇಕು?