ಇಪ್ಪತ್ತಕ್ಕೆ ಹನ್ನೊಂದು ಕಡಿಮೆ

ಕೋಕೋ ತಳಿ ತೋಟದ ಆಫೀಸು ಗೋಡೆಗೆ ಅಂಟಿಸಿದ ಒಂದು ಚೀಟಿಯಿಂದ ಎಲ್ಲವೂ ಶುರುವಾಯಿತು. ‘ಇಪ್ಪತ್ತು ಕಾಯಿಗಿಂತ ಕಡಿಮೆ ಬಿಡುವ ಮರಗಳನ್ನು ಇಂದೇ ಕಡಿಯತಕ್ಕದ್ದು. ಹೆಚ್ಚು ಬಿಡುವವುಗಳಿಂದ ಹೊಸ ಸಸಿಗಳಿಗೆ ಕಸಿ ಕಡ್ಡಿ ತೆಗೆಯತಕ್ಕದ್ದು.’

ಎಣಿಕೆಯಣ್ಣ ಅದನ್ನು ಬೆರಳಿಟ್ಟು ಮತ್ತೊಮ್ಮೆ ಓದಿದ. ಇಪ್ಪತ್ತಾರು ವರ್ಷದಿಂದ ಆ ತೋಟದ ಮರಗಳ ಕಾಯಿ ಎಣಿಸುವುದೇ ಅವನ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಸಾಲಿನಿಂದಾಚೆ, ಪಂಪ್ ಮನೆಯ ಪಕ್ಕ, ಒಂದು ಮರವಿತ್ತು. ಎಂದೋ ಬುತ್ತಿ ತಂದ ಹೆಂಡತಿ, ಹಣ್ಣಿನ ಸಿಹಿ ಚೀಪಿ ಉಗುಳಿದ ಬೀಜದಿಂದ ಹುಟ್ಟಿದ ಮರ. ಅದನ್ನೂ ಅವನು ತಿಂಗಳು ತಿಂಗಳು ಎಣಿಸಿ ಪುಸ್ತಕದ ಕೊನೆಗೆ ಬರೆಯುತ್ತಿದ್ದ. ಒಂಬತ್ತರ ಮೇಲೆ ಹತ್ತನೆಯದು ಬಿಟ್ಟ ದಾಖಲೆಯಿಲ್ಲ.

“ನಿನ್ನ ಮರ ಮಹಾ ಸೋಮಾರಿ ಕಣೇ” ಎಂದು ರೇಗಿಸಿದರೆ ಅವಳು, “ಕಮ್ಮಿ ಹೆತ್ರೂ ಸುಳ್ಳು ಹೆರಲ್ಲ ಬಿಡಿ” ಎನ್ನುತ್ತಿದ್ದಳು. ಅವಳನ್ನು ದೇವರು ಕರೆದುಕೊಂಡು ವರ್ಷವಾಗಿತ್ತು. ಉಳಿದದ್ದು ಮರ.

ಆ ಮರ ಆಫೀಸಿನ ಮರಗಳ ಪಟ್ಟಿಯಲ್ಲಿದೆಯೇ ಎಂದು ಕೇಳಬಹುದಿತ್ತು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾದೀತು ಎಂದು ಕೇಳಲಿಲ್ಲ. ಬದಲಿಗೆ ಸಾಲಿನ ಮರಗಳಿಂದ ಹನ್ನೊಂದು ಕಾಯಿ ಕೊಯ್ದು, ಕಸಿ ಟೇಪಿನಿಂದ ಅದರ ಕಾಂಡಕ್ಕೆ ಕಟ್ಟತೊಡಗಿದ.

“ಏನಣ್ಣಾ, ಮರಕ್ಕೆ ಒಡವೆ ತೊಡಿಸ್ತಿದ್ದೀಯಾ?” ಎಂದು ಕಾವಲುಗಾರ ಇಣುಕಿದ. ವಿಷಯ ತಿಳಿದು ಅವನ ಕಣ್ಣು ಒದ್ದೆಯಾಯಿತು. “ಅತ್ತಿಗೆ ಮರ! ಇಪ್ಪತ್ತು ಸಾಕಾ? ಇರು” ಎಂದು ಒಂದು ಬುಟ್ಟಿ ಕಾಯಿ ತಂದ. ಕಸಿ ಕಟ್ಟುವ ಅಕ್ಕ ಬಂದವಳು, “ಗಂಡಸರು ಕಟ್ಟಿದ ಗಂಟು ನಿಲ್ಲುತ್ತಾ?” ಎಂದು ಬೈಯುತ್ತ ತನ್ನ ಪಾಲಿನದನ್ನೂ ಬಿಗಿದಳು. ಬೇಡ, ಸಾಕು ಎಂದರೆ ಕೇಳುವವರಾರು? ಮರ ಮೈತುಂಬ ಸಿಡುಬು ಎದ್ದವರಂತೆ ಕಾಣತೊಡಗಿತು.

ಅಷ್ಟರಲ್ಲಿ ಅಧಿಕಾರಿ ಮೇಡಂ ಬಂದರು. ಹೊಸಬರು. “ಎಂಬತ್ತೊಂದು!” ಎಂದು ಎರಡು ಸಲ ಎಣಿಸಿದರು. “ಈ ಟೇಪು?”

“ತೊಟ್ಟಿಗೆ ಔಷಧಿ ಕಟ್ಟಿದ್ದೀವಿ ಮೇಡಂ” ಎಂದಳು ಅಕ್ಕ, ರೆಪ್ಪೆ ಮಿಟುಕಿಸದೆ.

ಆಗಲೇ ಒಂದು ಕಾಯಿ ದೊಪ್ಪೆಂದು ಮೇಡಂ ಕಾಲ ಬಳಿ ಬಿತ್ತು. “ಹೊರಲಾರದೆ ಬೀಳ್ತಿವೆ, ಪಾಪ” ಎಂದ ಕಾವಲುಗಾರ.

ಮೇಡಂ ಹಿಗ್ಗಿ, ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಸಿದರು. ಪಟ್ಟಿಯ ಕೊನೆಯಲ್ಲೂ ಬರೆದುಕೊಂಡರು. “ಇದೇ ತಾಯಿ ಮರ. ಕಡ್ಡಿ ಕೊಯ್ಯಿರಿ. ಸಾವಿರ ಬೆಳೆಗಾರರ ಮನೆಗೆ ಇದರ ಗಿಡ ಹೋಗಬೇಕು.”

ಕಸಿ ಕಡ್ಡಿಯ ಕಟ್ಟು ಜೀಪು ಏರಿತು. ಮರ ಉಳಿಯಿತೆಂದು ಎಣಿಕೆಯಣ್ಣ ಕಾಂಡ ಸವರಿದ. ಆದರೆ ಅವನ ಕಣ್ಣಿಗೆ ಯಾರೋ ಒಬ್ಬ ಬೆಳೆಗಾರ ನಾಲ್ಕು ವರ್ಷ ನೀರೆರೆದು, ಒಂಬತ್ತು ಕಾಯಿ ನೋಡಿ ಕೂತಂತೆ ಕಂಡಿತು. ಸುಳ್ಳು ಹೆರಲ್ಲ ಎಂದಿದ್ದಳಲ್ಲ; ಅವಳ ಮರದಿಂದ ಇವನು ಎಪ್ಪತ್ತೆರಡು ಹೆರಿಸಿದ್ದ. “ಭಗವಂತಾ” ಎಂದು ಜೀಪಿನ ಹಿಂದೆ ಓಡಿ, ನಿಲ್ಲಿಸಿ, ಎಲ್ಲ ಒಪ್ಪಿಕೊಂಡ.

ಮೇಡಂ ಕಡ್ಡಿಯ ಕಟ್ಟನ್ನು ಹೊರಗೆಸೆಸಿದರು. “ಯಾಕ್ರೀ ಹೀಗೆ ಮಾಡಿದ್ರಿ?”

“ಒಂಬತ್ತೇ ಕಾಯಿ ತಾಯಿ. ಇವತ್ತು ಕಡಿದುಬಿಡ್ತಿದ್ರಿ.”

ಮೇಡಂ ಪಟ್ಟಿ ಬಿಡಿಸಿದರು. “ಕಡಿಯೋದು ನಂಬರಿರೋ ಮರಗಳನ್ನ. ಅದು ಸಾಲಿನ ಹೊರಗಿಂದು; ಬೆಳಗ್ಗೆ ಈ ಪಟ್ಟೀಲಿ ಇರ್ಲೇ ಇಲ್ಲ.” ನಿಟ್ಟುಸಿರು ಬಿಟ್ಟು ಅಂದರು, “ಮಧ್ಯಾಹ್ನ ನಾನೇ ಸೇರಿಸಿದೆ. ಮೇಲಿನವರಿಗೆ ಫೋನಲ್ಲಿ ಓದಿಯೂ ಆಯ್ತು. ಈಗ ಇದೆ. ಇಪ್ಪತ್ತಕ್ಕೆ ಕಡಿಮೆ.”

ಸಂಜೆಯ ಹೊತ್ತಿಗೆ ಪಂಪ್ ಮನೆಯ ಕಡೆಯಿಂದ ಕೊಡಲಿಯ ಸದ್ದು ಬಂತು. ಎಣಿಕೆಯಣ್ಣ ಅದನ್ನು ಮಾತ್ರ ಎಣಿಸಲಿಲ್ಲ.

“ಅಳಬೇಡ ಅಣ್ಣಾ” ಎಂದು ಕಾವಲುಗಾರ ಓಡಿ ಬಂದ. “ಮರ ಹೋದ್ರೇನು? ಅತ್ತಿಗೆ ಮರದ ಬೀಜ ಇಲ್ವಾ? ಮತ್ತೆ ಹಾಕು. ಯಾರ ಕಣ್ಣಿಗೂ ಬೀಳದ ಹಾಗೆ ಟೇಪೆಲ್ಲ ಕಿತ್ತು, ಕಾಯೆಲ್ಲ ಒಂದೇ ಬುಟ್ಟಿಗೆ ತುಂಬಿಟ್ಟಿದ್ದೀನಿ.”

ಎಣಿಕೆಯಣ್ಣ ಬುಟ್ಟಿಯ ಮುಂದೆ ಮಂಡಿಯೂರಿ ಒಂದೊಂದಾಗಿ ತೆಗೆದಿಟ್ಟ. ಎಂಬತ್ತೊಂದು. ಲೆಕ್ಕ ಸರಿಯಾಗಿತ್ತು. ಅವಳ ಒಂಬತ್ತು ಯಾವುವೆಂದು ಮಾತ್ರ ತಿಳಿಯಲಿಲ್ಲ.